ಆರು ರೇಡಿಯನ್ ಮತ್ತು ಒಂದು ತುತ್ತು

ನೇರವಾಗಿ ಓಡುವ ಯಾವ ವಸ್ತುವಿನ ಮೇಲೂ ನನಗೆ ದೂರಿಲ್ಲ. ರೈಲು ಒಂದು ಸ್ಟೇಷನ್ ಬಿಟ್ಟು ಇನ್ನೊಂದಕ್ಕೆ ಹೊರಡಲಿ, ಕಾರಿಗೆ ಬ್ರೇಕ್ ಬೀಳಲಿ, ಮಾಡಲು ಬೇರೆ ಕೆಲಸವಿಲ್ಲದ ಯಾರೋ ಗೋಪುರದ ತುದಿಯಿಂದ ಕಲ್ಲು ಬಿಡಲಿ, ಅದು ನೆಲ ಮುಟ್ಟುವುದು ಯಾವಾಗ ಎಂದು ನಾನು ಹೇಳಬಲ್ಲೆ. ಭೌತಶಾಸ್ತ್ರದ ಪುಸ್ತಕದಲ್ಲಿ ಆ ಅಧ್ಯಾಯಗಳು ಮುಗಿಯುವವರೆಗೆ ನಾನು ಮರ್ಯಾದಸ್ಥ ವಿದ್ಯಾರ್ಥಿನಿಯಾಗಿಯೇ ಇದ್ದೆ. ಎಡವಿದ್ದು ಇದ್ದಲ್ಲೇ ಇದ್ದು ಸುತ್ತುವ ವಸ್ತುಗಳ ಮುಂದೆ. ಎಲ್ಲಿಗೂ ಹೋಗದ ವಸ್ತುವಿಗೆ ವೇಗ ಎಲ್ಲಿಂದ ಬರಬೇಕು? ಫ್ಯಾನು ಬೆಳಗಿನಿಂದ ಸಂಜೆಯವರೆಗೆ ತಿರುಗಿದರೂ ಸಂಜೆ ಅದೇ ಕೊಕ್ಕೆಗೇ ನೇತಾಡುತ್ತಿರುತ್ತದೆ. ಆದರೂ ಪುಸ್ತಕ ಅದಕ್ಕೊಂದು ಕೋನೀಯ ವೇಗ ಇದೆ ಎನ್ನುತ್ತಿತ್ತು, ಅದಕ್ಕೆ ಒಮೇಗಾ ಎಂದು ಹೆಸರಿಟ್ಟು, ಮಗುವಿನ ತೊಟ್ಟಿಲ ಹಾಗೆ ಕಾಣುವ ಒಂದು ಅಕ್ಷರದಲ್ಲಿ ಬರೆಯುತ್ತಿತ್ತು. ಆ ಅಕ್ಷರವನ್ನು ಕಂಡರೆ ನನಗೆ ಈಗಲೂ ತಲೆ ತಿರುಗುತ್ತದೆ. ಎಷ್ಟು ವೇಗದಲ್ಲಿ ಎಂದು ಮಾತ್ರ ಕೇಳಬಾರದು.

ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುವುದಕ್ಕೆ ಕಾರಣವಿದೆ. ನಾನು ಲೆಕ್ಕ ಇಡುವ ಹುಡುಗಿ. ಎಂಟನೆಯ ಇಯತ್ತೆಯಿಂದ ಡೈರಿ ಬರೆಯುತ್ತಿದ್ದೇನೆ. ಅದರಲ್ಲಿ ಕವಿತೆ, ಕಣ್ಣೀರು ಯಾವುದೂ ಇಲ್ಲ. ತಾರೀಖು ಇದೆ, ಗೀಟು ಇದೆ. ಮಾದಾಪುರದ ಕಚೇರಿಗೆ ಹೋಗುವಾಗ ಮೆಟ್ರೋದಲ್ಲಿ ಕೂರಲು ಸೀಟು ಸಿಕ್ಕ ದಿನಕ್ಕೆ ಒಂದು ಗೀಟು, ಲಿಫ್ಟು ನನ್ನ ಮುಖ ನೋಡಿಯೂ ಬಾಗಿಲು ಮುಚ್ಚಿಕೊಂಡ ದಿನಕ್ಕೆ ಇನ್ನೊಂದು. ಅವ್ವ "ಇನ್ನ ಮುಂದ ನಾ ಏನೂ ಹೇಳೂದಿಲ್ಲ" ಎಂದು ಶುರುಮಾಡಿ ಹೇಳಿದ ಸಂಗತಿಗಳಿಗೆ ಒಂದು ಪ್ರತ್ಯೇಕ ಪುಟವೇ ಇದೆ, ಅದು ಪ್ರತಿ ವರ್ಷವೂ ಸಾಲದೆ ಬರುತ್ತದೆ. ಇಂಥ ಹುಡುಗಿಗೆ ಸುತ್ತುವ ಚಕ್ರದ ಲೆಕ್ಕ ಬರುವುದಿಲ್ಲವೆಂದರೆ ಮನೆಯವರು ನಂಬಬೇಕಾದರೂ ಹೇಗೆ? ಎಣಿಸುವುದು ಬೇರೆ, ಲೆಕ್ಕ ಬಿಡಿಸುವುದು ಬೇರೆ ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ. ಎಷ್ಟು ಸಲ ಎಂಬುದೂ ಬರೆದಿಟ್ಟಿದೆ.

ನಮ್ಮದು ಮೂಲದಲ್ಲಿ ಬೀದರ್ ಕಡೆಯ ಮನೆತನ. ಅಪ್ಪ ಕುಷಾಯಿಗೂಡದ ಹತ್ತಿರದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಪಾಸಣೆಯ ವಿಭಾಗದಲ್ಲಿದ್ದರು. ಬಂದ ಬಿಡಿಭಾಗಗಳನ್ನು ಅಳೆಯುವುದು, ಸರಿಯಿದ್ದರೆ ಒಳಗೆ ಬಿಡುವುದು, ಇಲ್ಲದಿದ್ದರೆ ಹಿಂದಕ್ಕೆ ಕಳಿಸುವುದು ಅವರ ಕೆಲಸ. ಈಗ ನಿವೃತ್ತರಾಗಿದ್ದಾರೆ, ಆದರೆ ತಪಾಸಣೆ ನಿಂತಿಲ್ಲ. ಯಾರಾದರೂ ಬರಿಯ ಸಂಖ್ಯೆ ಹೇಳಿದರೆ ಅವರಿಗೆ ಅನ್ನದಲ್ಲಿ ಕಲ್ಲು ಸಿಕ್ಕಂತಾಗುತ್ತದೆ. ಅವ್ವ ಸಾಮಾನಿನ ಚೀಟಿಯಲ್ಲಿ 'ತೊಗರಿಬೇಳೆ ಎರಡು' ಎಂದು ಬರೆದರೆ, ಎರಡು ಏನು, ಎರಡು ಕಿಲೋನಾ, ಎರಡು ಕಾಳಾ ಎಂದು ಬಾಗಿಲಲ್ಲೇ ನಿಂತು ಕೇಳುತ್ತಾರೆ. "ಯುನಿಟ್ ಎಲ್ಲೈತಿ?" ಎಂಬುದು ನಮ್ಮ ಮನೆಯಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ. ನನ್ನ ಶಾಲೆಯ ಎಲ್ಲ ಉತ್ತರಗಳೂ ಸಂಖ್ಯೆಯಲ್ಲಿ ಮುಗಿಯುತ್ತಿದ್ದವು. ಅಪ್ಪ ಅವುಗಳ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಬಟ್ಟೆಯಿಲ್ಲದೆ ಬೀದಿಗೆ ಬಂದ ಕೂಸನ್ನು ನೋಡುವಂತೆ ಅವುಗಳನ್ನು ನೋಡುತ್ತಿದ್ದರು.

ಕರ್ನಾಟಕದಲ್ಲಿ ಪಿಯುಸಿ ಅನ್ನುವುದಕ್ಕೆ ಇಲ್ಲಿ, ತೆಲುಗು ಸೀಮೆಯಲ್ಲಿ, ಇಂಟರ್ ಅನ್ನುತ್ತಾರೆ. ಇಂಟರ್ ಮೊದಲ ವರ್ಷದಲ್ಲಿ ಈ ಒಮೇಗಾ ನನ್ನ ಜೀವನಕ್ಕೆ ಕಾಲಿಟ್ಟಿತು. ಕಾಲೇಜಿನಲ್ಲಿ ಫಿಸಿಕ್ಸ್ ಸಾರ್ ಒಳ್ಳೆಯವರು, ಆದರೆ ಅವಸರದವರು. ಕ್ಲಾಸಿನ ಬಾಗಿಲಲ್ಲಿ ಯಾವಾಗಲೂ ಕಣ್ಣಿಗೆ ಕಾಣದ ರೈಲೊಂದು ಅವರಿಗಾಗಿ ಕಾಯುತ್ತಿರುವಂತೆ ಪಾಠ ಮಾಡುತ್ತಿದ್ದರು. "ಫಾರ್ಮುಲಾ ಗುರ್ತು ಪೆಟ್ಟುಕೋಂಡಿ, ಚಾಲು" ಎನ್ನುವುದು ಅವರ ಮಂತ್ರ. ಸೂತ್ರ ನೆನಪಿಟ್ಟುಕೊಳ್ಳಿ, ಅಷ್ಟು ಸಾಕು. ನಿಮಿಷಕ್ಕೆ ಇಷ್ಟು ಸುತ್ತು ಎಂದು ಕೊಟ್ಟರೆ ಮೂವತ್ತರಿಂದ ಭಾಗಿಸು, ಪೈ ಹಚ್ಚು, ಮುಂದಿನ ಪ್ರಶ್ನೆಗೆ ನಡಿ. ಮೂವತ್ತು ಯಾಕೆ, ಪೈ ಎಲ್ಲಿಂದ ಬಂತು ಎಂದು ಕೇಳಿದವರಿಗೆ ಅವರು ಉತ್ತರ ಕೊಡುತ್ತಿರಲಿಲ್ಲ, ಗಡಿಯಾರ ನೋಡುತ್ತಿದ್ದರು. ಕೇಳಿದವಳು ನಾನೊಬ್ಬಳೇ ಆದ್ದರಿಂದ ಅವರ ಗಡಿಯಾರ ನನಗೆ ಚೆನ್ನಾಗಿ ಪರಿಚಯ.

ಪೈ ಎಲ್ಲಿಂದ ಬಂತೆಂದು ತೋರಿಸಲು ಅಪ್ಪ ಮುಂದಾದರು. ಅದಕ್ಕೆ ಅವರು ಆರಿಸಿಕೊಂಡ ಉಪಕರಣ ಅವ್ವ ಆಗಷ್ಟೇ ಹಂಚಿನಿಂದ ಇಳಿಸಿದ ಜೋಳದ ರೊಟ್ಟಿ. ಹಪ್ಪಳದ ಕಟ್ಟಿನ ದಾರ ಬಿಚ್ಚಿ, ರೊಟ್ಟಿಯ ನಟ್ಟ ನಡುವಿನಿಂದ ಅಂಚಿನವರೆಗೆ ಹಿಡಿದು, ಅಷ್ಟಕ್ಕೆ ಕತ್ತರಿಸಿದರು. ಆಮೇಲೆ ಅದೇ ತುಂಡನ್ನು ಅಂಚಿನ ಗುಂಟ ಬಾಗಿಸಿಟ್ಟರು. ಅದು ಎಲ್ಲಿ ಮುಗಿಯಿತೋ ಅಲ್ಲಿ ಶೇಂಗಾ ಚಟ್ನಿಯ ಒಂದು ಚಿಟಿಕೆ. ಮತ್ತೆ ಅಲ್ಲಿಂದ ದಾರ, ಮತ್ತೆ ಚಿಟಿಕೆ. ದಾರ ಆರು ಸಲ ಹಿಡಿಯಿತು, ಆಮೇಲೂ ಒಂದು ಸಣ್ಣ ತುಣುಕು ಅಂಚು ಉಳಿಯಿತು. ಒಂದು ಚಿಟಿಕೆಯಿಂದ ಇನ್ನೊಂದಕ್ಕೆ ನಡುವೆ ತೆರೆದುಕೊಳ್ಳುವ ಕೋನವೇ ಒಂದು ರೇಡಿಯನ್ ಎಂದರು ಅಪ್ಪ. ರೊಟ್ಟಿ ಸಣ್ಣದಿರಲಿ, ಬಂಡಿಯ ಗಾಲಿಯಷ್ಟು ದೊಡ್ಡದಿರಲಿ, ಒಂದು ಪೂರ್ತಿ ಸುತ್ತಿಗೆ ಇಷ್ಟೇ, ಇದರ ಅರ್ಧವೇ ಪೈ. ಉಳಿದ ಆ ತುಣುಕನ್ನು ಮುರಿದು ಬಾಯಿಗೆ ಹಾಕಿಕೊಂಡು ಹೇಳಿದರು: "ಆರು ರೇಡಿಯನ್ ಮತ್ತ ಒಂದು ತುತ್ತು. ಈ ತುತ್ತು ಮರೀಬ್ಯಾಡ ತಂಗಿ. ಮಂದಿ ಆರು ಅಂತ ಬಿಟ್ಟುಬಿಡ್ತಾರ."

ಆಗ ನನಗೆ ಪೈ ಅರ್ಥವಾಯಿತು ಎಂದು ಬರೆದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಅರ್ಥವಾಗಿತ್ತು ಕೂಡ. ಆದರೆ ಅಪ್ಪ, ತಪಾಸಣೆಯ ಮನುಷ್ಯ, ಅಲ್ಲಿಗೇ ಬಿಡದೆ, ರೊಟ್ಟಿ ಒಂದು ಕಡೆ ಸ್ವಲ್ಪ ಸೊಟ್ಟ ಇರುವುದರಿಂದ ತುತ್ತು ಇರಬೇಕಾದ್ದಕ್ಕಿಂತ ತುಸು ಸಣ್ಣದಾಗಿ ಬಂದಿದೆ ಎಂದು ಸೇರಿಸಿದರು. ಅವ್ವ ಹಂಚನ್ನು ಒಲೆಯಿಂದ ಇಳಿಸಿದಳು. ಆ ಹೊತ್ತು ನಾವು ಉಪ್ಪಿಟ್ಟು ತಿಂದೆವು. ಉಪ್ಪಿಟ್ಟಿನಲ್ಲಿ ಯಾವ ಕೋನವೂ ಇರಲಿಲ್ಲ.

ತೊಂದರೆ ಶುರುವಾದದ್ದು ಕಾಲೇಜಿನ ಕಿರುಪರೀಕ್ಷೆಯಲ್ಲಿ. ಪ್ರಶ್ನೆಗೊಂದು ನಿಮಿಷ, ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತು ಮಾಡಬೇಕು. ಒಂದು ಚಕ್ರ ನಿಮಿಷಕ್ಕೆ ಮುನ್ನೂರು ಸುತ್ತು ತಿರುಗುತ್ತದೆ, ಅದರ ಕೋನೀಯ ವೇಗ ಎಷ್ಟು? ಉಳಿದವರು ಮೂವತ್ತರಿಂದ ಭಾಗಿಸಿ, ಪೈ ಹಚ್ಚಿ ಮುಂದೆ ಹೋದರು. ನಾನು ಅಂಚಿನಲ್ಲಿ ರೊಟ್ಟಿ ಬರೆದೆ. ನಿಮಿಷಕ್ಕೆ ಮುನ್ನೂರು ಎಂದರೆ ಸೆಕೆಂಡಿಗೆ ಐದು, ಒಂದು ಸುತ್ತಿಗೆ ಆರು ರೇಡಿಯನ್ ಮತ್ತೊಂದು ತುತ್ತು, ಐದು ಸುತ್ತಿಗೆ ಮೂವತ್ತು ಮತ್ತು ಐದು ತುತ್ತು. ಐದು ತುತ್ತು ಸೇರಿದರೆ ಒಂದು ರೇಡಿಯನ್ ದಾಟುತ್ತದೆ. ಉತ್ತರ ಸರಿ ಬಂತು, ಮೂವತ್ತೊಂದು ಚಿಲ್ಲರೆ. ನಾನು ತಲೆಯೆತ್ತಿದಾಗ ಸಾರ್ ಕಾಗದ ಕಸಿದುಕೊಳ್ಳುತ್ತಿದ್ದರು. ಬಿಡಿಸಿದ್ದೆಲ್ಲ ಸರಿ, ಬಿಡಿಸಿದ್ದೇ ಕಡಿಮೆ. ಮನೆಗೆ ಬಂದವಳು ಸಿಟ್ಟಿನಲ್ಲಿ, ನಿಮ್ಮ ರೊಟ್ಟಿ ಮುರಿದು ಮುಗಿಯುವಷ್ಟರಲ್ಲಿ ಪರೀಕ್ಷೆಯೇ ಮುಗಿದುಹೋಗುತ್ತದೆ, ಮಾರ್ಕ್ಸ್ ಕೊಡುವವರು ಸಾರ್, ನೀವಲ್ಲ ಎಂದುಬಿಟ್ಟೆ. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಹಾಗಾದರೆ ನಿಮ್ಮ ಸಾರ್ ಕಡೆಯೇ ಕೇಳು ಎಂದು, ಹಪ್ಪಳದ ದಾರವನ್ನು ಸುತ್ತಿ ಮೇಲಿನ ಫಳಿಯ ಮೇಲೆ ಇಟ್ಟರು.

ಅಲ್ಲಿಂದ ನಮ್ಮಿಬ್ಬರ ಮಾತು ನಿಂತಿತು. ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಮಾತು ಬಿಡುವುದು ಎಷ್ಟು ಕಷ್ಟದ ಕೆಲಸ ಎಂದು ಅದನ್ನು ಮಾಡಿದವರಿಗೆ ಮಾತ್ರ ಗೊತ್ತು. ಒಬ್ಬರು ಬಚ್ಚಲಿಗೆ ಹೋಗಬೇಕೆಂದರೆ ಇನ್ನೊಬ್ಬರು ಕಾಲು ಮಡಚಿಕೊಳ್ಳಬೇಕು. ಮೇಲಾಗಿ ಲೆಕ್ಕಗಳು ನಮ್ಮ ಮುನಿಸನ್ನು ಗೌರವಿಸಲಿಲ್ಲ. ಸಾರ್ ದಿನಾ ಹೊಸ ಹಾಳೆ ಕೊಡುತ್ತಿದ್ದರು, ನನಗೆ ದಿನಾ ಅರ್ಧಕ್ಕೆ ತಡೆಯುತ್ತಿತ್ತು, ಉತ್ತರ ಗೊತ್ತಿದ್ದವರು ಗೋಡೆಯ ಆಚೆ ಪೇಪರು ಓದುತ್ತ ಕೂತಿರುತ್ತಿದ್ದರು. ಆಗ ನಡುವಿನ ಅಡುಗೆಮನೆಯಲ್ಲಿದ್ದ ಅವ್ವ ಅಂಚೆಯವಳಾದಳು.

ಗಡಿಯಾರದ ದೊಡ್ಡ ಮುಳ್ಳಿನ ಕೋನೀಯ ವೇಗ ಎಷ್ಟು ಎಂದು ಅಪ್ಪನಿಗೆ ಕೇಳು ಎನ್ನುತ್ತಿದ್ದೆ ನಾನು, ಗೋಡೆಗೂ ಕೇಳಿಸುವಷ್ಟು ಗಟ್ಟಿಯಾಗಿ. ಅಪ್ಪನಿಗೆ ಅದು ನೇರವಾಗಿ ಕೇಳಿಸಿರುತ್ತಿತ್ತು. ಆದರೂ ಅವ್ವ ಹಿಟ್ಟಿನ ಕೈಯಲ್ಲಿ ಅಲ್ಲಿಗೆ ಹೋಗಿ ಹೇಳುವವರೆಗೆ ಅವರು ಪೇಪರಿನಿಂದ ತಲೆಯೆತ್ತುತ್ತಿರಲಿಲ್ಲ. ಅವ್ವ ಉತ್ತರ ಹೊತ್ತು ತಿರುಗಿ ಬರುತ್ತಿದ್ದಳು. "ಒಂದು ತಾಸಿಗೆ ಒಂದು ಸುತ್ತಂತ. ಒಂದು ಸುತ್ತಂದ್ರ ಆರು ರೇಡಿಯನ್ನು, ಒಂದು ತುತ್ತು. ಅದನ್ನ ಮೂರು ಸಾವಿರದ ಆರುನೂರಕ್ಕ ಭಾಗಿಸಬೇಕಂತ. ಯಾಕ ಅಂತ ನನ್ನ ಕೇಳಬ್ಯಾಡ, ಅಲ್ಲಿ ರೊಟ್ಟಿ ಸೀಯಾಕತ್ತೈತಿ." ನಾನು ಲೆಕ್ಕ ಮಾಡಿ ಸಂಖ್ಯೆ ಹೇಳುತ್ತಿದ್ದೆ. ಅವಳು ಅದನ್ನು ಒಯ್ಯುತ್ತಿದ್ದಳು. ಆಚೆಯಿಂದ "ಯುನಿಟ್ ಎಲ್ಲೈತಿ ಅಂತ ಕೇಳು" ಎಂಬ ದನಿ ಬರುತ್ತಿತ್ತು. ಅವ್ವ ಮತ್ತೆ ಬರುತ್ತಿದ್ದಳು. ಆ ದಿನಗಳಲ್ಲಿ ನಮ್ಮ ಮನೆಯ ರೊಟ್ಟಿಗಳಿಗೆಲ್ಲ ಒಂದು ಮಗ್ಗುಲು ಕಪ್ಪಿರುತ್ತಿತ್ತು. ಕೆಲವು ದಿನಗಳಲ್ಲಿ ಅವ್ವ ಪಳಗಿದಳು. ನಾನು ಸಂಖ್ಯೆ ಹೇಳಿದ ಕೂಡಲೆ ಅಲ್ಲೇ ನಿಂತು, "ರೇಡಿಯನ್ ಪರ್ ಸೆಕೆಂಡ್ ಅಂತ ಹಚ್ಚು, ಇಲ್ಲಾಂದ್ರ ಮತ್ತ ನನ್ನ ತಿರುಗಿಸ್ತಾರ" ಎನ್ನುವ ಮಟ್ಟಕ್ಕೆ ಬಂದಳು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ಅವ್ವನಿಗೆ ಒಮೇಗಾ ಎಂದರೆ ಥೀಟಾ ಭಾಗಿಸು ಟೈಮ್ ಎಂದು ಇವತ್ತಿಗೂ ಬಾಯಿಪಾಠ. ಅರ್ಥ ಕೇಳಿದರೆ, ಅದು ನಿಮ್ಮಪ್ಪಾರ ಖಾತೆ ಎನ್ನುತ್ತಾಳೆ.

ಮಾತು ಮತ್ತೆ ಶುರುವಾದದ್ದು ಕರೆಂಟು ಹೋದ ಒಂದು ಮಧ್ಯಾಹ್ನ. ಬೇಸಿಗೆ. ಹಾಲಿನಲ್ಲಿ ಒಂದೇ ಫ್ಯಾನು, ಅದರ ಕೆಳಗೆ ಅಪ್ಪ ಒಂದು ಗೋಡೆಗೆ, ನಾನು ಎದುರಿನ ಗೋಡೆಗೆ ಒರಗಿ ಕೂತಿದ್ದೆವು. ಫ್ಯಾನು ನಿಧಾನವಾಗತೊಡಗಿತು. ಮಸುಕಾಗಿದ್ದ ರೆಕ್ಕೆಗಳು ಒಂದೊಂದಾಗಿ ಕಾಣಿಸಿದವು. ಒಂದು ರೆಕ್ಕೆಯ ಮೇಲೆ ಬಣ್ಣ ಕಿತ್ತಿತ್ತು, ಅದು ಗೋಡೆಯ ಕ್ಯಾಲೆಂಡರಿನ ಎದುರಿಗೆ ಬಂದಾಗಲೆಲ್ಲ ನಾನು ಎಣಿಸುತ್ತ ಹೋದೆ. ಫ್ಯಾನು ನಿಂತಿತು. ಇದ್ದಕ್ಕಿದ್ದಂತೆ ಅಪ್ಪ, ಚಾವಣಿಯನ್ನೇ ನೋಡುತ್ತ, "ಎಷ್ಟು?" ಎಂದರು. ನಾನು "ಇಪ್ಪತ್ತಾರು" ಎಂದೆ. ಅವರು "ನಂದು ಇಪ್ಪತ್ತೇಳು" ಎಂದರು. ಆಮೇಲೆ ಇಬ್ಬರಿಗೂ ನೆನಪಾಯಿತು, ನಾವು ಮಾತು ಬಿಟ್ಟವರು ಎಂದು. ಅಷ್ಟರಲ್ಲಿ ತಡವಾಗಿತ್ತು. ಇಪ್ಪತ್ತಾರೋ ಇಪ್ಪತ್ತೇಳೋ ಎಂಬ ಜಗಳ ಆಗಲೇ ಶುರುವಾಗಿತ್ತು, ಜಗಳಕ್ಕೆ ಮಾತು ಬೇಕೇ ಬೇಕು. ಅಪ್ಪ ಫಳಿಯ ಮೇಲಿಂದ ದಾರ ಇಳಿಸಿದರು. ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ನಿಂತ ಫ್ಯಾನಿನ ಕಡೆ ನೋಡಿ ಎರಡೂ ಕೈ ಜೋಡಿಸಿದಳು. ಕರೆಂಟು ಬೇಗ ಬರಲಿ ಎಂದು ಇರಬೇಕು ಎಂದುಕೊಂಡೆ.

ಇಂಟರ್ ಪಾಸಾದೆ. ಫಿಸಿಕ್ಸಿನಲ್ಲಿ ಬಂದ ಮಾರ್ಕ್ಸನ್ನು ಇಲ್ಲಿ ಹೇಳುವುದಿಲ್ಲ, ಯುನಿಟ್ ಇಲ್ಲದೆ ಡೈರಿಯಲ್ಲಿದೆ. ಫಲಿತಾಂಶದ ದಿನ ಅವ್ವ ತಾನೊಂದು ಹರಕೆ ಹೊತ್ತಿದ್ದಾಗಿ ಹೇಳಿದಳು. ಈ ಕಡೆಯಲ್ಲಿ ಹಣಮಪ್ಪನ ಗುಡಿಗೆ ನಡೆದುಕೊಳ್ಳುವ ಒಂದು ಕ್ರಮವಿದೆ. ಬೇಡಿಕೊಳ್ಳುವಾಗ ಹನ್ನೊಂದು ಸುತ್ತು, ಬೇಡಿದ್ದು ಆದ ಮೇಲೆ ನೂರೆಂಟು. ಹನ್ನೊಂದನ್ನು ಅವ್ವ ಯಾರಿಗೂ ಹೇಳದೆ ಮುಗಿಸಿದ್ದಳು. ನೂರೆಂಟಕ್ಕೆ ನಾನೂ ಜೊತೆಗೆ ಸುತ್ತಬೇಕು, ಒಂದೇ ದಿನ ಮುಗಿಯಬೇಕು, ಅಪ್ಪ ಗುಡಿಯಲ್ಲಿರಬೇಕು. ಮೂವರೂ ಬಿಡುವಾಗಿರುವ ದಿನ ನಮ್ಮ ಮನೆಯಲ್ಲಿ ಗ್ರಹಣದಷ್ಟು ಅಪರೂಪ. ನನ್ನ ಪರೀಕ್ಷೆ, ಅಪ್ಪನ ಪಾಳಿ, ಆಮೇಲೆ ನನ್ನ ನೌಕರಿ. ಹರಕೆ ಮುಂದೆ ಮುಂದೆ ಹೋಯಿತು. ಅದರ ಜೊತೆಗೆ ಅವ್ವನ ಮೊಣಕಾಲುಗಳೂ ಹಿಂದೆ ಹಿಂದೆ ಬಿದ್ದವು. ಈ ವರ್ಷ ಡಾಕ್ಟರು ಆಪರೇಷನ್ ಆಗಲೇಬೇಕು ಎಂದರು. ಅವ್ವ ನೋವಿನ ಬಗ್ಗೆ ಕೇಳಲಿಲ್ಲ, ಆಮೇಲೆ ಗುಡಿ ಸುತ್ತಬಹುದಾ ಎಂದು ಕೇಳಿದಳು. ಬಹಳ ತಿಂಗಳು ಆ ಮಾತೇ ಬೇಡ ಎಂದರು ಅವರು. ಹಾಗಾದರೆ ಹರಕೆ ತೀರಿಸದೆ ಆ ಟೇಬಲ್ಲಿನ ಮೇಲೆ ನಾನು ಮಲಗುವುದಿಲ್ಲ ಎಂದು ಅವ್ವ ಆಸ್ಪತ್ರೆಯ ಬೆಂಚಿನ ಮೇಲೆಯೇ ಹೇಳಿದಳು. ಅವ್ವ ಹೇಳಿದ್ದನ್ನು ಮಾಡುವವಳು ಎಂಬುದಕ್ಕೆ ನನ್ನ ಹತ್ತಿರ ಬೇಕಾದಷ್ಟು ಗೀಟುಗಳಿವೆ.

ಹೀಗೆ ಒಂದು ಶನಿವಾರ ಬೆಳಗ್ಗೆ ನಾವು ಮೂವರೂ ಕಾಲೊನಿಯ ಹಿಂದಿನ ಹಣಮಪ್ಪನ ಗುಡಿಗೆ ಹೋದೆವು. ಸಣ್ಣ ಗುಡಿ, ಗೋಡೆ ಚೌಕ, ಆದರೆ ಸುತ್ತುವವರ ಕಾಲು ಮೂಲೆಗಳನ್ನು ಒಳಗೆ ಹಾಕಿಕೊಂಡು ದಾರಿಯನ್ನು ದುಂಡಗೆ ಮಾಡಿಟ್ಟಿದೆ. ಎಣಿಕೆಗೆಂದು ಗುಡಿಯವರೇ ಚೌಕ ಮನೆಗಳನ್ನು ಮುದ್ರಿಸಿದ ಒಂದು ಕಾರ್ಡು ಕೊಡುತ್ತಾರೆ. ಸುತ್ತಿಗೊಂದು ಮನೆಗೆ ಗೀಟು ಹಾಕುತ್ತ ಹೋಗುವುದು. ಇಂಥ ದೇವರು ನನಗೆ ಬಹಳ ಹಿಡಿಸಿದ. ಅವ್ವ ಕಾರ್ಡು ಮುಟ್ಟಲಿಲ್ಲ. ಅವಳದು ಜೋಳದ ಲೆಕ್ಕ. ನೂರೆಂಟು ಕಾಳು ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡು, ಒಂದು ಸುತ್ತಾದಾಗ ಒಂದು ಕಾಳು ಮೂಲೆಯ ಪಾರಿವಾಳಗಳಿಗೆ ಹಾಕುವುದು. ಗಂಟು ಖಾಲಿಯಾದಾಗ ಹರಕೆ ಪೂರ್ತಿ. ಲೆಕ್ಕಕ್ಕೆ ಲೆಕ್ಕ, ಪುಣ್ಯಕ್ಕೆ ಪುಣ್ಯ. ಅಪ್ಪ ಕಾಳುಗಳನ್ನು ಮನೆಯಲ್ಲೇ ಎರಡು ಸಲ ತಪಾಸಣೆ ಮಾಡಿದ್ದರು.

ಅಪ್ಪ ಮೆಟ್ಟಿಲ ಮೇಲೆ ಕೂತರು. ನಾವು ಸುತ್ತತೊಡಗಿದೆವು. ಅವ್ವ ಒಳಗಿನ ಗೋಡೆ ಹಿಡಿದು ನಿಧಾನಕ್ಕೆ, ನಾನು ಹೊರಗಿನಿಂದ ಬಿರುಸಾಗಿ. ಪ್ರತಿ ಸಲ ಅವಳನ್ನು ದಾಟುವಾಗ ಬೆನ್ನು ಮುಟ್ಟಿ, ಅವ್ವಾ ನಿಧಾನ ಎಂದು ಹೇಳಿ ಮುಂದೆ ಹೋಗುತ್ತಿದ್ದೆ. ಕಾರ್ಡಿನ ಮುಂಭಾಗದಲ್ಲಿ ನನ್ನ ಸುತ್ತು, ಹಿಂಭಾಗದಲ್ಲಿ ಅವ್ವನನ್ನು ದಾಟಿದ್ದಕ್ಕೆ ಒಂದೊಂದು ಸಣ್ಣ ಗೀಟು. ಅದು ಯಾತಕ್ಕೆ ಎಂದು ಕೇಳಬೇಡಿ. ಬಸ್ಸಿನಲ್ಲಿ ಕೂತಾಗ ನಮ್ಮನ್ನು ದಾಟಿದ ಆಟೋಗಳನ್ನೂ ನಾನು ಎಣಿಸುತ್ತೇನೆ.

ಅರ್ಧ ದಾರಿ ಕಳೆದಿರಬೇಕು. ನಾನು ಆಗಷ್ಟೇ ಅವ್ವನನ್ನು ದಾಟಿದ್ದೆ, ಹಿಂದಿನಿಂದ ಅವ್ವನ ದನಿ ಕೇಳಿಸಿತು. ತಿರುಗಿ ನೋಡಿದರೆ ಮಹಾದೇವಿ ಕಾಕು ನಿಂತಿದ್ದಾರೆ. ಅವರು ನಮ್ಮ ಕಾಲೊನಿಯವರೇ, ಅವ್ವನ ಭಜನಾ ಮಂಡಳಿಯ ಜೊತೆಗಾತಿ. ಅವ್ವ ಪಾರಿವಾಳಕ್ಕೆ ಕಾಳು ಹಾಕುವುದನ್ನು ಕಂಡು, ತನಗೂ ಒಂದಿಷ್ಟು ಪುಣ್ಯ ಬರಲಿ ಎಂದು, ಕೇಳುವ ಮೊದಲೇ ಬಿಚ್ಚಿದ ಗಂಟಿಗೆ ಕೈ ಹಾಕಿ, ಬೆರಳಿಗೆ ಸಿಕ್ಕಷ್ಟನ್ನೂ ತೆಗೆದು ಎರಚಿಬಿಟ್ಟಿದ್ದರು. ಪಾರಿವಾಳಗಳು ಅಂಥ ಹರಕೆಯನ್ನು ಕಂಡೇ ಇರಲಿಲ್ಲ. ನಾನು ಓಡಿ ಬರುವಷ್ಟರಲ್ಲಿ ನೆಲ ಸ್ವಚ್ಛವಾಗಿತ್ತು. ಗಂಟಿನಲ್ಲಿ ಉಳಿದದ್ದು ಮೂರು ಕಾಳು.

ಅವ್ವ ಬೈಯಲಿಲ್ಲ. ಕಟ್ಟೆಯ ಮೇಲೆ ಕೂತು ಎರಡೂ ಕೈಯಿಂದ ಮೊಣಕಾಲು ಹಿಡಿದುಕೊಂಡಳು. ಎಷ್ಟಾಗಿತ್ತು ಎಂದು ಅವಳಿಗೆ ಗೊತ್ತಿರಲಿಲ್ಲ, ಕಾಳು ಇಟ್ಟುಕೊಂಡದ್ದೇ ಎಣಿಸಬಾರದೆಂದು. ಗುಡಿಯ ಬಾಗಿಲು ಮಧ್ಯಾಹ್ನಕ್ಕೆ ಹಾಕುತ್ತಾರೆ. ಮೊದಲಿನಿಂದ ಸುತ್ತುತ್ತೇನೆ ಎಂದು ಏಳಲು ಹೋದಳು. ಏಳಲಾಗದೆ ಮತ್ತೆ ಕೂತಳು. ಕಾಕು ಅಳುವುದೊಂದು ಬಾಕಿ. "ವೈನಿ, ಪಾರಿವಾಳಕ್ಕ ಅಂತ ತಿಳದೆರಿ, ಹಣಮಪ್ಪಗ ಅಂತ ನನಗೇನ ಗೊತ್ತು" ಎಂದು ಒಂದೇ ಸಮನೆ ಹೇಳುತ್ತಿದ್ದರು.

ಆಗ ನನ್ನ ಕಣ್ಣು ಕಾರ್ಡಿನ ಬೆನ್ನ ಮೇಲೆ ಬಿತ್ತು. ಇಬ್ಬರೂ ಒಂದೇ ಕಡೆಯಿಂದ ಒಟ್ಟಿಗೆ ಹೊರಟವರು. ನಾನು ಅವಳನ್ನು ಒಂದು ಸಲ ದಾಟಿದೆನೆಂದರೆ ಅವಳಿಗಿಂತ ಒಂದು ಸುತ್ತು ಹೆಚ್ಚು ಹಾಕಿದ್ದೇನೆ ಎಂದರ್ಥ. ಈಗ ಇಬ್ಬರೂ ಒಂದೇ ಮೂಲೆಯಲ್ಲಿದ್ದೇವೆ. ನನ್ನ ಸುತ್ತು ಎಂಬತ್ತೊಂದು, ಅವಳನ್ನು ದಾಟಿದ್ದು ಇಪ್ಪತ್ಮೂರು. ಕಳೆದರೆ ಐವತ್ತೆಂಟು. ಒಂದು ಚಕ್ರದ ವೇಗದಿಂದ ಇನ್ನೊಂದರ ವೇಗ ಕಳೆಯುವ ಈ ಲೆಕ್ಕವನ್ನು ನಾನು ಇಂಟರ್‌ನಲ್ಲಿ ಮಾಡಿದಾಗಲೆಲ್ಲ ಕೂಡಿಸಿದ್ದೆ. ಗಡಿಯಾರದ ಎರಡು ಮುಳ್ಳು ಯಾವಾಗ ಕೂಡುತ್ತವೆ ಎಂದು ಕೇಳಿದರೆ ನನ್ನ ಮುಳ್ಳುಗಳು ಒಂದನ್ನೊಂದು ಡಿಕ್ಕಿ ಹೊಡೆಯುತ್ತಿದ್ದವು. ಇವತ್ತು ಯಾರೂ ಕೇಳದೆ, ನಿಮಿಷದ ಗಡುವಿಲ್ಲದೆ, ಕಳೆಯುವುದು ತಾನಾಗಿ ಬಂತು. ಮೆಟ್ಟಿಲಿಗೆ ಓಡಿ ಅಪ್ಪನಿಗೆ ಎಲ್ಲ ಹೇಳಿ "ಐವತ್ತೆಂಟು" ಎಂದೆ.

"ಐವತ್ತೆಂಟು ಏನು?" ಎಂದರು ಅಪ್ಪ.

"ಸುತ್ತು" ಎಂದೆ. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು.

ನನ್ನ ವಿಜಯ ಐದು ನಿಮಿಷವೂ ಬಾಳಲಿಲ್ಲ. ಹಿಂದೆಯೇ ಬಂದಿದ್ದ ಕಾಕು ಕಾರ್ಡು ನೋಡಿ, ಸಂಕೋಚದಿಂದ ಹೇಳಿದರು: "ತಂಗಿ, ಒಂದೆರಡು ಸಲ ನನ್ನ ಬೆನ್ನ ಮುಟ್ಟಿ 'ಅವ್ವಾ ನಿಧಾನ' ಅಂದು ಹೋದಿ. ಪಾಪ, ಪ್ರೀತಿಲೆ ಅಂತಾಳ ಅಂತ ನಾನೂ ಹೂಂ ಅಂದೆ." ಆಗಲೇ ನೋಡಿದ್ದು, ಕಾಕು ಉಟ್ಟಿದ್ದೂ ಅವ್ವ ಉಟ್ಟಿದ್ದೂ ಒಂದೇ ಅರಿಶಿನ ಬಣ್ಣದ ಸೀರೆ. ಭಜನಾ ಮಂಡಳಿಯವರು ಕಳೆದ ಶ್ರಾವಣದಲ್ಲಿ ಎಲ್ಲರಿಗೂ ಒಂದೇ ಥರದ್ದು ತಂದುಕೊಂಡಿದ್ದರು. ಕಾಕು ಬೆಳಗ್ಗೆಯಿಂದಲೂ ಅಲ್ಲೇ ಸುತ್ತುತ್ತಿದ್ದರಂತೆ. ನನ್ನ ಇಪ್ಪತ್ಮೂರರಲ್ಲಿ ಎಷ್ಟು ಅವ್ವ, ಎಷ್ಟು ಕಾಕು ಎಂದು ಹಣಮಪ್ಪನೇ ಹೇಳಬೇಕು.

ಅಪ್ಪ ಒಂದು ಕ್ಷಣ ಯೋಚಿಸಿದರು. ಕಾಕುವನ್ನು ದಾಟಿದ್ದು ಅದರಲ್ಲಿ ಸೇರಿದ್ದರೆ ಅವ್ವನನ್ನು ದಾಟಿದ್ದು ಕಡಿಮೆಯಾಯಿತು. ಹಾಗಾದರೆ ಅವ್ವನ ಸುತ್ತು ಐವತ್ತೆಂಟಕ್ಕಿಂತ ಹೆಚ್ಚೇ ಇರಬೇಕು, ಕಡಿಮೆಯಂತೂ ಇಲ್ಲ. ಐವತ್ತೆಂಟು ಎಂದೇ ಹಿಡಿದು ಇನ್ನೂ ಐವತ್ತು ಹಾಕಿದರೆ ಹರಕೆಗೆ ಮೋಸವಿಲ್ಲ. ಅವರು ಅದನ್ನು ಅವ್ವನಿಗೆ ಹೇಳಲು ಎದ್ದು ಬಂದು, ಅವಳ ಪಕ್ಕ ಕೂತು, ಕಾರ್ಖಾನೆಯಲ್ಲಿ ಸರಿಯಾದ ಮಾಲಿಗೆ ಠಸ್ಸೆ ಒತ್ತುವ ದನಿಯಲ್ಲಿ ಹೇಳಿದರು. ಅವ್ವ ನನ್ನ ಮುಖ ನೋಡಿದಳು. "ಒಮೇಗಾದ ಲೆಕ್ಕೇನು?" ಎಂದಳು. ಹೌದು ಎಂದೆ. ಅವಳು ನನ್ನ ತೋಳು ಹಿಡಿದು ಎದ್ದಳು.

ಆಮೇಲೆ ನಾವಿಬ್ಬರೂ ಕೂಡಿಯೇ ಸುತ್ತಿದೆವು. ನಾನು ಸಣ್ಣವಳಿದ್ದಾಗ ಅವ್ವ ನನ್ನನ್ನು ಗೋಡೆಯ ಮಗ್ಗುಲಿಗೆ ಬಿಟ್ಟು, ಮಂದಿ ತುಳಿಯದಂತೆ ತಾನು ಹೊರಗಿನಿಂದ ನಡೆಯುತ್ತಿದ್ದಳು. ಈಗ ಅವಳು ಒಳಗೆ, ನಾನು ಹೊರಗೆ. ಕೈ ಹಿಡಿದವರಿಬ್ಬರ ಕೋನೀಯ ವೇಗ ಒಂದೇ, ಆದರೆ ಹೊರಗಿನವರು ಹೆಚ್ಚು ದೂರ ನಡೆಯಬೇಕು. ಪುಸ್ತಕದಲ್ಲಿ ಇದು ಒಂದು ಸಾಲಿನಲ್ಲಿತ್ತು. ನಾನು ಅದರ ಕೆಳಗೆ ಗೆರೆ ಎಳೆದು, ಅರ್ಥವಾಗಿಲ್ಲ ಎಂದು ಬರೆದಿದ್ದೆ.

ನಡೆಯುತ್ತ ನಡೆಯುತ್ತ, ನಾನು ಪಾಸಾಗಲೆಂದು ಇಷ್ಟು ದೊಡ್ಡ ಹರಕೆ ಹೊರಬೇಕಿತ್ತಾ ಅವ್ವಾ, ಅಷ್ಟು ದಡ್ಡಿ ಅಂದುಕೊಂಡಿದ್ದೆಯಾ ಎಂದು ಕೇಳಿದೆ. ಅವ್ವ ನಿಲ್ಲದೆಯೇ ಹೇಳಿದಳು:

"ನೀ ಪಾಸಾಗಲಿ ಅಂತ ಯಾರು ಬೇಡಿಕೊಂಡಿದ್ರು? ಪಾಸಾಗೂದು ನಿನ್ನ ಕೆಲಸ. ನೀವಿಬ್ರೂ ಒಂದು ಮಾತು ಆಡಿದ್ರ ಸಾಕಾಗಿತ್ತು ನನಗ. ಆ ಕ್ವಾರ್ಟರ್ಸ್ ಮನಿಯೊಳಗ ನಿಮ್ಮ ಒಮೇಗಾ ಹೊತ್ತು ತಿರುಗಿ ತಿರುಗಿನೇ ಈ ಮೊಣಕಾಲು ಹೋಗಿದ್ದು."

ನಿಂತ ಫ್ಯಾನಿಗೆ ಅವಳು ಕೈ ಮುಗಿದದ್ದು ನೆನಪಾಯಿತು. ಇಷ್ಟು ವರ್ಷ ಅದನ್ನು ನಾನು ವಿದ್ಯುತ್ ಇಲಾಖೆಯ ಖಾತೆಗೆ ಬರೆದಿದ್ದೆ. ಆಮೇಲೆ ಅವ್ವ ಆ ದಿನಗಳ ಕಥೆಗಳನ್ನು ಒಂದೊಂದಾಗಿ ತೆಗೆದಳು. ಅಪ್ಪ ಉತ್ತರ ಹೇಳುವ ಮೊದಲು ನನ್ನ ಊಟ ಆಯಿತಾ ಎಂದು ಕೇಳುತ್ತಿದ್ದದ್ದು, ಅದನ್ನು ಹೇಳಬೇಡ ಎನ್ನುತ್ತಿದ್ದದ್ದು. ನಾನು ಸಂಖ್ಯೆ ಹೇಳಿ ಕಳಿಸಿದ ಮೇಲೆ ಗೋಡೆಗೆ ಕಿವಿ ಕೊಟ್ಟು ನಿಲ್ಲುತ್ತಿದ್ದದ್ದು, ಅದನ್ನು ಅವಳು ಅಪ್ಪನಿಗೆ ಹೇಳಿಬಿಡುತ್ತಿದ್ದದ್ದು. ಸೀದ ರೊಟ್ಟಿಗಳನ್ನು ಯಾರ ತಾಟಿಗೆ ಎಷ್ಟೆಷ್ಟು ಹಾಕುತ್ತಿದ್ದಳೆಂಬುದನ್ನೂ ಹೇಳಿದಳು. ನಕ್ಕು ನಕ್ಕು ಒಂದು ಕಡೆ ಇಬ್ಬರೂ ಗೋಡೆಗೆ ಒರಗಿ ನಿಲ್ಲಬೇಕಾಯಿತು. ಹಿಂದಿನಿಂದ ಬಂದವರೊಬ್ಬರು ತೆಲುಗಿನಲ್ಲಿ, ನಡೀರಮ್ಮಾ, ದೇವರ ದಾರಿ ಎಂದು ಗದರಿ ಹೋದರು.

ಪೂಜಾರಿ ಬಾಗಿಲು ಹಾಕಲು ಕೀಲಿ ತೆಗೆದುಕೊಂಡು ಹೊರಬಂದಾಗಲೇ ನಾವು ನಿಂತದ್ದು. ಅವ್ವ ಆಸೆಯಿಂದ, ಎಷ್ಟಾಯಿತು ಎಂದು ಕೇಳಿದಳು. ನಾನು ಕಾರ್ಡು ನೋಡಿದೆ. ಎಂಬತ್ತೊಂದಕ್ಕೆ ನಿಂತಿತ್ತು. ಕಿವಿಯ ಮೇಲೆ ಸಿಕ್ಕಿಸಿಕೊಂಡ ಪೆನ್ಸಿಲ್ ಅಲ್ಲಿಯೇ ಇತ್ತು. ಎಂಟನೆಯ ಇಯತ್ತೆಯಿಂದ ಒಂದು ದಿನವೂ ಎಣಿಕೆ ತಪ್ಪದವಳು, ಎಣಿಸಲೇಬೇಕಾದ ದಿನ ಎಣಿಸಿರಲಿಲ್ಲ.

ನಮ್ಮ ಮುಖ ನೋಡಿ ಅಪ್ಪನಿಗೆ ವಿಷಯ ತಿಳಿಯಿತು. ಕೈಗಡಿಯಾರ ತಿರುಗಿಸಿ ತೋರಿಸಿದರು. ಅವ್ವ ನನ್ನ ಕೈ ಹಿಡಿದು ಹೊರಟ ಮೇಲೆ ಮೊದಲ ನಾಲ್ಕು ಸುತ್ತಿಗೆ ಅವರು ಸಮಯ ನೋಡಿದ್ದರಂತೆ. ನಿಂತು ನಕ್ಕದ್ದನ್ನೂ ಹಿಡಿದರೆ ಒಂದು ಸುತ್ತಿಗೆ ಸುಮಾರು ಒಂದು ನಿಮಿಷ. ಐವತ್ತು ಸುತ್ತಿಗೆ ಒಂದು ತಾಸೂ ಬೇಡ. ನಾವು ಹೊರಟು ಒಂದೂವರೆ ತಾಸಾಗಿತ್ತು. "ನೂರೆಂಟು ದಾಟಿ ಭಾಳ ಹೊತ್ತಾತು" ಎಂದರು ಅಪ್ಪ. "ಮಾತಾಡಾಕತ್ತಿದ್ರಿ, ಅದಕ್ಕ ಕರೀಲಿಲ್ಲ." ಅವ್ವ ಸೆರಗಿನಲ್ಲಿ ಉಳಿದಿದ್ದ ಮೂರು ಕಾಳನ್ನು ಪಾರಿವಾಳಗಳಿಗೆ ಹಾಕಿ, ಮಹಾದೇವಿ ಕಾಕುವನ್ನು ಊಟಕ್ಕೆ ಕರೆದಳು.

ಮನೆಗೆ ಬಂದು ಸಂಜೆ ಡೈರಿ ತೆಗೆದೆ. ತಾರೀಖು ಹಾಕಿದೆ, ಶನಿವಾರ ಎಂದು ಬರೆದೆ, ಅವ್ವನ ಹೆಸರು ಬರೆದೆ. ಮುಂದೆ ಎಷ್ಟು ಎಂದು ಬರೆಯಲು ಗೊತ್ತಾಗದೆ ಸ್ವಲ್ಪ ಜಾಗ ಬಿಟ್ಟು ಮುಂದುವರಿಸಿದೆ. ಅಪ್ಪ ಹಿಂದಿನಿಂದ ಬಗ್ಗಿ ನೋಡಿದರು, ಹಳೆಯ ಅಭ್ಯಾಸ. ಬಹಳ ಹೊತ್ತು ನೋಡಿದರು. ಏನೂ ಕೇಳದೆ ಹೋದರು. ಕೇಳಲು ಏನೂ ಉಳಿದಿರಲಿಲ್ಲ. ಬಾಳೆಲ್ಲ ಯುನಿಟ್ ಇಲ್ಲದ ಸಂಖ್ಯೆಗಳನ್ನು ಬರೆದ ಹುಡುಗಿ, ಆ ದಿನ ಸಂಖ್ಯೆಯ ಜಾಗ ಖಾಲಿ ಬಿಟ್ಟು, ಯುನಿಟ್ ಒಂದನ್ನೇ ದುಂಡಗೆ ಬರೆದಿದ್ದಳು: ಸುತ್ತು.